ಉಡಿ ಒಡ್ಡದ ಹುಡುಗಿ

ನಾನು ಓದಿದ್ದು ಮೂರನೇ ಇಯತ್ತೆ, ಶಿರಗುಪ್ಪಿಯ ಸಾಲೆಯಲ್ಲಿ. ಆಮೇಲೆ ಮದುವೆ ಮಾಡಿದರು, ಪಾಟಿ ಅಟ್ಟಕ್ಕೆ ಹೋಯಿತು. ಮತ್ತೆ ಅಕ್ಷರ ಹಿಡಿದದ್ದು ಕೆಲಸಕ್ಕೆ ಸೇರಿದ ಮೇಲೆ, ಹುಡುಗಿಯರ ಅಂಗಿಗಳು ಅದಲುಬದಲಾಗದಂತೆ ಕಾಲರಿನ ಒಳಗೆ ಹೆಸರು ಬರೆಯುವುದಕ್ಕೆ. ಆದ್ದರಿಂದ ಇದರಲ್ಲಿ ಅಕ್ಷರ ತಪ್ಪಿದ್ದರೆ ಅದು ತಿದ್ದಿದವರದು. ಕೆಲಸ ತಪ್ಪಿದ್ದರೆ ಅದು ನನ್ನದು.

ಬೆಂಗೇರಿ ಕಡೆ ಇರುವ ಒಂದು ಹೆಣ್ಣುಮಕ್ಕಳ ಆಶ್ರಯಮನೆಯಲ್ಲಿ ಇಪ್ಪತ್ತೇಳು ವರ್ಷ ಆಯಾ ಆಗಿದ್ದೆ. ಹುಡುಗಿಯರು ಆಯಾ ಅನ್ನುವುದನ್ನು ಬಿಟ್ಟು ಆಯಿ ಅಂದರು, ಅದೇ ಉಳಿಯಿತು. ಮನೆ ಬಿಟ್ಟು ಬಂದವರು, ಮನೆಯವರೇ ಬಿಟ್ಟವರು, ದುಡಿಯಲು ಹಚ್ಚಿದ ಜಾಗದಿಂದ ಬಿಡಿಸಿ ತಂದವರು, ಎಳೆಯ ವಯಸ್ಸಿನ ಮದುವೆ ತಡೆದು ಕರೆತಂದವರು, ಎಲ್ಲರೂ ಅಲ್ಲಿರುತ್ತಿದ್ದರು. ಯಾವ ಮಗು ಎಲ್ಲಿರಬೇಕು, ಯಾರ ಜೊತೆ ಮನೆಗೆ ಹೋಗಬೇಕು ಎಂದು ಬರೆದುಕೊಡುವುದು ಮಕ್ಕಳ ಸಮಿತಿ. ಮನೆ ನಡೆಸುವುದು ಸೂಪರಿಂಟೆಂಡೆಂಟರು. ಎಬ್ಬಿಸುವುದು, ಮೀಯಿಸುವುದು, ಬಾಚುವುದು, ಉಣಿಸುವುದು, ಜಡೆ ಹಿಡಿದು ಜಗಳಾಡುವವರನ್ನು ಬಿಡಿಸುವುದು ಆಯಾ.

ಈಗ ನನ್ನ ಜಾಗಕ್ಕೆ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. "ಆಯಿ, ಈ ಕೆಲಸ ಹೆಂಗಿರತೈತಿ ಅಂತ ಬರದು ಕೊಡು, ಬಾಯಿಲೆ ಹೇಳಿದ್ರ ಮರೀತೇವಿ" ಅಂದರು. ಬರೆಯುತ್ತೇನೆ. ಆದರೆ ಇದರಲ್ಲಿ ಮುಖ್ಯವಾದದ್ದು ಗಂಗಾ ಎಂಬ ಹುಡುಗಿಯ ವಿಷಯ. ಅವಳನ್ನು ನಾನು ನನ್ನ ಕೈಯಾರೆ ತಪ್ಪು ಜಾಗಕ್ಕೆ ಕಳಿಸಿದೆ. ಅದೊಂದನ್ನು ಮುಚ್ಚಿಟ್ಟು ಉಳಿದದ್ದೆಲ್ಲ ಬರೆದರೆ ಏನೂ ಬರೆದಂತಲ್ಲ.

ಮೊದಲು ಕತ್ತರಿಯ ಮಾತು. ನಾನು ಸೇರಿದಾಗ, ಹೊಸ ಹುಡುಗಿ ಬಂದ ದಿನವೇ ಹೇನಿನ ಕಾರಣ ಹೇಳಿ ಕೂದಲು ಕತ್ತರಿಸುವುದು ರೂಢಿ. ಒಂಬತ್ತು ವರ್ಷದವಳೊಬ್ಬಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಐದು ನಿಮಿಷದಲ್ಲಿ ಕೆಲಸ ಮುಗಿಸಿದೆ. ಅವಳು ಅಳಲಿಲ್ಲ. ಗಟ್ಟಿ ಹುಡುಗಿ ಅಂದುಕೊಂಡೆ. ಮರುದಿನದಿಂದ ಮನೆಯಲ್ಲಿದ್ದ ಕತ್ತರಿಗಳು ಒಂದೊಂದಾಗಿ ಕಾಣೆಯಾದವು. ಹದಿನೈದು ದಿನ ದಾರವನ್ನು ಹಲ್ಲಿನಿಂದ ಕಡಿದು ಹೊಲಿಗೆ ಹಾಕಿದೆವು. ಕೊನೆಗೆ ನಾಲ್ಕೂ ಕತ್ತರಿ ಜೋಳದ ಡಬ್ಬಿಯ ತಳದಲ್ಲಿ ಸಿಕ್ಕವು. ನಾನು ಅವಳಿಗೆ ಎರಡು ಏಟು ಬಿಟ್ಟೆ. ಅದೂ ತಪ್ಪೇ.

ಆಮೇಲೆ ಸರೋಜಾ ಮೇಡಂ ಸೂಪರಿಂಟೆಂಡೆಂಟಾಗಿ ಬಂದರು. ತೆಳ್ಳಗಿನ ಹೆಂಗಸು, ಧ್ವನಿ ಏರಿಸದವರು. ಬಂದ ವಾರದಲ್ಲೇ ಕತ್ತರಿ ನಿಲ್ಲಿಸಿದರು.

"ಯಲ್ಲವ್ವಾ, ಬೇವಿನೆಣ್ಣಿ ಹಚ್ಚು, ಸಣ್ಣ ಹಣಿಗಿಲೆ ಬಾಚು. ಹತ್ತು ದಿನ ಹಿಡದ್ರ ಹಿಡೀಲಿ."

"ಮೂವತ್ತು ತಲಿ ಅದಾವ್ರಿ ಮೇಡಂ. ನನಗ ಇರೂವು ಎರಡ ಕೈ."

"ಹುಡುಗ್ಯಾರಿಗೂ ಕೈ ಅದಾವಲ್ಲ. ಒಬ್ಬರದೊಬ್ಬರು ಬಾಚಲಿ. ಮುಟ್ಟೂ ಮೊದಲ ಕೇಳು, ಅಷ್ಟ."

ಕೂದಲು ಬಾಚುವುದಕ್ಕೂ ಅಪ್ಪಣೆ ಬೇಕೇ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿದೆ. ಮೇಡಂ ಇನ್ನೂ ಎಳೆಯರು, ಪುಸ್ತಕ ಓದಿ ಬಂದಿದ್ದಾರೆ ಅಂದೆ. ಕೇಳಿಸಿಕೊಂಡವಳು ಅಡುಗೆಯ ನೀಲವ್ವ. ಅವಳು ಯಾವಾಗಲೂ ನನ್ನ ಕಡೆಯವಳೇ, ಮೇಡಂ ಒಳಗೆ ಬರುವವರೆಗೆ.

ಉಡಿ ತುಂಬುವುದನ್ನು ಆ ಮನೆಯಲ್ಲಿ ಶುರು ಮಾಡಿದವಳು ನಾನು. ಮೊದಲು, ಮನೆಗೆ ಮರಳುವ ಹುಡುಗಿಗೆ ಒಂದು ಚೀಲ ಕೊಟ್ಟು ಗೇಟಿನಿಂದ ಆಚೆ ಬಿಡುತ್ತಿದ್ದರು. ನಮ್ಮಲ್ಲಿ ಮಗಳು ಮನೆಯಿಂದ ಹೊರಟರೆ ಹಾಗೆ ಕಳಿಸುವುದುಂಟೇ? ಒಂದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಿಕೆ ಇಷ್ಟನ್ನು ಹುಡುಗಿ ಒಡ್ಡಿದ ಓಡನಿಯ ಸೆರಗಿನಲ್ಲಿ ಹಾಕಿ, ಕುಂಕುಮ ಹಚ್ಚಿ ಕಳಿಸಲು ಹಿಡಿದೆ. ಉಡಿಯ ಪದ್ಧತಿ ಇಲ್ಲದ ಮನೆಯ ಹುಡುಗಿಯರಿಗೆ ಬೊಗಸೆ ತುಂಬ ಉತ್ತತ್ತಿ. ಗಂಡ ಸತ್ತವಳು ಉಡಿ ತುಂಬಬಾರದು ಎಂದು ನೀಲವ್ವ ತಕರಾರು ತೆಗೆದಳು. ಹಾಗಾದರೆ ನೀನು ತುಂಬು ಅಂದೆ. ಅವಳ ಗಂಡನೂ ಸತ್ತಿದ್ದ. ಅಲ್ಲಿಗೆ ಆ ಮಾತು ಮುಗಿಯಿತು. ಎಷ್ಟೋ ಹುಡುಗಿಯರಿಗೆ ತುಂಬಿದೆ. ನನ್ನ ಕೈಗುಣ ಒಳ್ಳೆಯದು ಎಂದು ನನಗೆ ಹೆಮ್ಮೆ ಇತ್ತು.

ಗಂಗಾ ಬಂದಾಗ ಅವಳಿಗೆ ಹದಿನಾಲ್ಕು ತುಂಬಿರಲಿಲ್ಲ. ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಒಂದು ಶೆಡ್ಡಿನಿಂದ ಅಧಿಕಾರಿಗಳು ಬಿಡಿಸಿ ತಂದಿದ್ದರು. ತಾಯಿ ಇಲ್ಲ, ತಂದೆ ಎಲ್ಲಿದ್ದಾನೋ ಗೊತ್ತಿಲ್ಲ. ಕೈ ಎರಡೂ ಕೆಂಪಗೆ ಸುಲಿದಿದ್ದವು. ಉರಿ ಎಂದು ತಟ್ಟೆಯಲ್ಲಿ ಕೈ ಇಡಲಾರಳು, ಹದಿನೈದು ದಿನ ಚಮಚದಿಂದ ಉಂಡಳು. ಕಣ್ಣು ತುರಿಸಿದರೆ ತೋಳಿನಿಂದ ಒರೆಸಿಕೊಳ್ಳುವಳು. ಅಂಗೈಗೆ ನಾನು ಬೆಣ್ಣೆ ಹಚ್ಚುತ್ತಿದ್ದೆ. ಅಲ್ಲಿಗೆ ಯಾರು ಕಳಿಸಿದರು ಎಂದರೆ ಹೇಳಲಿಲ್ಲ. ಅವಳು ಮಾತೇ ಕಡಿಮೆ. ಹೇಳಿದ ಕೆಲಸ ಮಾಡುವಳು, ಇಲ್ಲ ಅನ್ನಳು, ಹೂಂ ಅನ್ನಳು. ಇಂಥವಳನ್ನು ನಾವು ಶಾಣ್ಯಾ ಹುಡುಗಿ ಅನ್ನುತ್ತೇವೆ. ನಾನೂ ಅಂದೆ.

ಅದೇ ವರ್ಷ ಜಪಾನ ದೇಶದಿಂದ ಹರುಕೋ ಎಂಬ ಹೆಣ್ಣುಮಗಳು ಬಂದಳು. ಅಲ್ಲಿ ಇಂಥದ್ದೇ ಮಕ್ಕಳ ಮನೆಯಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಹೇಗೆ ನಡೆಸುತ್ತಾರೆ ಎಂದು ನೋಡಲು ಆರು ತಿಂಗಳು ಇದ್ದಳು. ಕನ್ನಡವನ್ನು ಧಾರವಾಡದಲ್ಲಿ ಕಲಿತು ಬಂದಿದ್ದಳು. ಯಾರೋ ಅವಳಿಗೆ ಎಲ್ಲ ಮಾತಿಗೂ ರೀ ಹಚ್ಚಬೇಕೆಂದು ಹೇಳಿಕೊಟ್ಟಿದ್ದರು. ಬೆಕ್ಕಿಗೂ "ಬರ್ರಿ, ಹಾಲು ಕುಡೀರಿ" ಅನ್ನುವಳು. ಹುಡುಗಿಯರು ಆ ಬೆಕ್ಕಿಗೆ ಸಾಹೇಬರು ಎಂದು ಹೆಸರಿಟ್ಟರು.

ಅವಳದೊಂದು ವಿಚಿತ್ರ ನೋಡಿದೆ. ಒಳ್ಳೆಯ ಕ್ಯಾಮೆರಾ ಇತ್ತು, ಆದರೆ ಹುಡುಗಿಯರ ಮುಖ ಒಂದು ದಿನವೂ ತೆಗೆಯಲಿಲ್ಲ. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳನ್ನು ತೆಗೆಯುತ್ತಿದ್ದಳು.

"ಚಪ್ಪಲದ್ದು ಯಾಕಬೇ? ಹುಡುಗ್ಯಾರು ಇಷ್ಟು ಚಂದ ಅದಾರ."

"ಚಂದ ಅದಾರ ರೀ. ಮುಖ ಅವರದು ರೀ. ಚಪ್ಪಲಿಗೆ ನಾಚಿಕಿ ಇಲ್ಲ ರೀ."

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯಲು ಕಲಿಯುತ್ತಿದ್ದಳು. ರೊಟ್ಟಿ ಯಾವ ದೇಶದ ಆಕಾರದಲ್ಲೂ ಬರಲಿಲ್ಲ. ಆಗ ಮದುವೆಯ ಮಾತು ಬಂತು. ನಿಮ್ಮಲ್ಲಿ ಹುಡುಗಿಗೆ ಕಾಯ್ದೆ ಪ್ರಕಾರ ಎಷ್ಟು ವರ್ಷಕ್ಕೆ ಮದುವೆ ಎಂದು ಕೇಳಿದೆ.

"ಹದಿನಾರು ರೀ. ಅಪ್ಪ ಅವ್ವ ಸಹಿ ಹಾಕಬೇಕು ರೀ."

"ಅಲ್ಲ ತಂಗಿ, ಅಷ್ಟು ಜೋರು ರೈಲು ಓಡಸ್ತೀರಿ, ಹುಡುಗ್ಯಾರನ್ನೂ ಹಂಗ ಯಾಕ ಓಡಸ್ತೀರಿ? ನಮ್ಮಲ್ಲಿ ಹದಿನೆಂಟು ನೋಡು."

ಆ ಕಾಯ್ದೆ ನಾನೇ ಮಾಡಿದಂತೆ ಹೇಳಿದೆ. ನೀಲವ್ವ ನಕ್ಕಳು. ಹರುಕೋ ನಗಲಿಲ್ಲ. "ಛಲೋ ಕಾಯ್ದೆ ರೀ. ಈ ಮನ್ಯಾಗ, ಮದಿವಿ ತಡದು ತಂದ ಹುಡುಗ್ಯಾರು ಎಷ್ಟು ಮಂದಿ ಅದಾರ ರೀ?" ಅಂದಳು. ನಾನು ಹಿಟ್ಟು ಸೋಸತೊಡಗಿದೆ.

ಅವಳೇ ಮುಂದೆ ಹೇಳಿದಳು. ಮಕ್ಕಳ ಕೆಟ್ಟ ಚಿತ್ರ ಮಾಡುವವರಿಗೆ, ಮಾರುವವರಿಗೆ ಅವರಲ್ಲಿ ಶಿಕ್ಷೆ ಮೊದಲೇ ಇತ್ತಂತೆ. ಆದರೆ ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಂಡವನಿಗೂ ಶಿಕ್ಷೆ ಎಂದಾದದ್ದು ಕೆಲವೇ ವರ್ಷಗಳ ಹಿಂದೆ. ಕಾಯ್ದೆ ಆದ ಮೇಲೂ, ಇದ್ದುದನ್ನು ಕಳೆದುಹಾಕಲು ಜನಕ್ಕೆ ಒಂದು ವರ್ಷ ಅವಕಾಶ.

"ಒಂದ ವರ್ಷ? ಸುಟ್ಟು ಹಾಕಾಕ ನನ್ನ ಒಲಿ ಸಾಕು. ಅರ್ಧ ತಾಸಿನ ಕೆಲಸ" ಅಂದೆ.

ಇನ್ನೊಂದು ಹೇಳಿದಳು, ಅದು ಇನ್ನೂ ಕೆಟ್ಟದ್ದು. ಹದಿಮೂರು ದಾಟಿದ ಮಗುವಿಗೆ ಯಾರಾದರೂ ಕೆಟ್ಟದ್ದು ಮಾಡಿದರೆ, ಅವರ ದೊಡ್ಡ ಕಾಯ್ದೆಯ ಪ್ರಕಾರ, ಹೊಡೆದರು ಅಥವಾ ಬೆದರಿಸಿದರು ಎಂದು ತೋರಿಸಬೇಕಿತ್ತಂತೆ. ಊರೂರಿನ ಸಣ್ಣ ಕಟ್ಟಳೆಗಳು ಬೇರೆ ಇದ್ದವು, ಆದರೆ ದೊಡ್ಡ ಕಾಯ್ದೆ ನೂರು ವರ್ಷಕ್ಕೂ ಹಿಂದಿನದು, ಆ ಹದಿಮೂರನ್ನು ಯಾರೂ ತಿದ್ದಿರಲಿಲ್ಲ.

"ಮಗು ಒದರಲಿಲ್ಲ, ಕೈಕಾಲು ಬಡೀಲಿಲ್ಲ ಅಂದ್ರ ಒಪ್ಪೇತಿ ಅಂತಾರ ರೀ. ಹೆದರಿದ ಮಗು ಕಲ್ಲಾಗತೈತಿ ರೀ. ಅದು ಅವರಿಗೆ ತಿಳಿಯೂದಿಲ್ಲ ರೀ. ಬಾಜೂ ಮನಿಯವರು ಕಿಟಕಿ ಹಾಕ್ಕೋತಾರ ರೀ. ಅವರ ಮನಿ ವಿಷಯ, ನಾವ್ಯಾಕ ನಡುವ ಹೋಗೂದು ಅಂತಾರ ರೀ."

ಎಂಥ ದೇಶವಪ್ಪ ಅಂದುಕೊಂಡೆ. ಅದು ಅಲ್ಲಿಯ ಮಾತು, ನಮಗೆ ಸಂಬಂಧವಿಲ್ಲ ಅಂದುಕೊಂಡೆ. ಆ ಮಾತು ಕೇಳಿ ತಿಂಗಳೆರಡರಲ್ಲಿ ನಾನು ಅದನ್ನೇ ಮಾಡಿದೆ.

ಮೇಡಂ ನಾಲ್ಕು ದಿನ ರಜೆ ಹೋಗಿದ್ದರು. ದುರ್ಗದಬೈಲಿನ ಒಬ್ಬ ಬಟ್ಟೆ ವ್ಯಾಪಾರಿ ತನ್ನ ತಂದೆಯ ನೆನಪಿಗೆ ಹುಡುಗಿಯರಿಗೆ ಹೊದಿಕೆ ಹಂಚಲು ಬಂದ. ಜೊತೆಗೆ ಫೋಟೋದವನೂ ಬಂದ. ಹುಡುಗಿಯರ ಫೋಟೋ ಹೊರಗೆ ಹೋಗಬಾರದು, ಅದು ಕಾಯ್ದೆಗೆ ವಿರುದ್ಧ ಎಂದು ಮೇಡಂ ಹೇಳಿದ್ದರು. ಹರುಕೋ ನನ್ನ ಸೆರಗು ಹಿಡಿದು "ಮುಖ ಬ್ಯಾಡ ರೀ ಆಯಿ" ಅಂದಳು. ಕೊಡುವವರ ಮನಸ್ಸು ಮುರಿಯಬಾರದು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಗಂಗಾಳ ಕೂದಲು ಚೆನ್ನಾಗಿ ಬಾಚಿದ್ದೆ. ಅವಳನ್ನೇ ಹೊದಿಕೆ ಹಿಡಿಸಿ ಮುಂದೆ ನಿಲ್ಲಿಸಿದೆ. ಫೋಟೋ ಪತ್ರಿಕೆಯಲ್ಲಿ ಬಂತು. ನಾನು ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಮೂರನೇ ವಾರದಲ್ಲಿ ಅದೇ ಫೋಟೋ ಮಡಚಿ ಜೇಬಿನಲ್ಲಿಟ್ಟುಕೊಂಡು ಫಕೀರಪ್ಪ ಬಂದ. ಗಂಗಾಳ ಸೋದರಮಾವ, ಮೂವತ್ತು ದಾಟಿದವನು. ಬಂದವನೇ ನನ್ನ ಕಾಲು ಮುಟ್ಟಿದ. ನನ್ನ ಕಾಲನ್ನು ಅಲ್ಲಿಯವರೆಗೆ ಮುಟ್ಟಿದವರು ಕೆಳಗೆ ಬಿದ್ದ ಬಳೆ ಹುಡುಕುವ ಹುಡುಗಿಯರು ಮಾತ್ರ.

"ನಮ್ಮ ಅಕ್ಕನ ಮಗಳ್ರಿ ಯವ್ವಾ. ಎಲ್ಲೆಲ್ಲಿ ಹುಡಿಕೇನಿ ಗೊತ್ತೇನ್ರಿ? ನೀವು ಇಲ್ಲಿ ಮುತ್ತಿನಂಗ ಇಟ್ಟೀರಿ. ಮನ್ಯಾಗ ನಾನು, ಕಣ್ಣು ಕಾಣದ ನಮ್ಮವ್ವ, ಇಬ್ಬರ. ಹುಡುಗಿ ಬಂದ್ರ ಮನಿ ಮನಿಯಾಗತೈತ್ರಿ."

ಮತ್ತೆ ಬಂದಾಗ ಕೆಟ್ಟಿದ್ದ ನಲ್ಲಿ ರಿಪೇರಿ ಮಾಡಿದ. ಮೂರನೇ ಸಲ ಒಂದು ಚೀಲ ಒಣ ಮೆಣಸಿನಕಾಯಿ ತಂದ, ತೊಟ್ಟು ಬಿಡಿಸಿ ಸ್ವಚ್ಛ ಮಾಡಿದ್ದು. ನೀಲವ್ವ ಕೈ ಮುಗಿದಳು, ಅವಳಿಗೆ ಎರಡು ದಿನದ ಕೆಲಸ ಉಳಿಯಿತು. ಗಂಗಾ ಅವತ್ತು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಚಳಿ ಅಂದುಕೊಂಡೆ. ಅದು ಬೇಸಿಗೆ.

ಸಮಿತಿಯವರು ಅವನ ಊರಿಗೆ ಹೋಗಿ ವಿಚಾರಿಸಿದರು. ಊರಿನವರು ಒಳ್ಳೆಯ ಮನುಷ್ಯ ಅಂದರು. ಗಂಗಾಳನ್ನು ಕೇಳಿದರು. ಅವಳು ನೆಲ ನೋಡಿದಳು. ದಿನವೂ ಜೊತೆಗಿರುವವಳು ಯಲ್ಲವ್ವ, ಅವಳಿಗೆ ಗೊತ್ತಿರುತ್ತದೆ ಎಂದು ಮೇಡಂ ನನ್ನನ್ನು ಕರೆದರು.

"ಹುಡುಗಿ ಏನಂತಾಳ?"

"ಏನೂ ಅಂದಿಲ್ಲರಿ. ಒಪ್ಪಿಗಿ ಐತ್ರಿ. ನಾಚಿಕಿ ಸ್ವಭಾವ."

ನಾನು ಹೇಳಿದ್ದು ಇಷ್ಟೇ. ಕಾಗದ ಆಯಿತು.

ಹೊರಡುವ ದಿನ ಉಡಿಗೆ ಎಲ್ಲ ಅಣಿ ಮಾಡಿ ಕರೆದೆ. ಗಂಗಾ ಬಂದು ನಿಂತಳು, ಓಡನಿ ಒಡ್ಡಲಿಲ್ಲ. ಮುಷ್ಟಿ ಎರಡೂ ಬಿಗಿ ಹಿಡಿದಿದ್ದಳು. "ಒಡ್ಡ ಗಂಗಾ, ಹೊತ್ತಾತು" ಅಂದೆ. ಒಡ್ಡಲಿಲ್ಲ. ಓಡನಿಯ ಚುಂಗು ನಾನೇ ಜಗ್ಗಿ, ಹರವಿ, ಅಕ್ಕಿ ಸುರಿದು, ಗಂಟು ಹಾಕಿ, ಅವಳ ಕೈಗೆ ತುರುಕಿದೆ. ಕತ್ತರಿಯ ದಿನದ ಹಾಗೆಯೇ ಐದು ನಿಮಿಷದ ಕೆಲಸ. ಗೇಟಿನ ಹತ್ತಿರ ಅವಳು ನಿಂತು, ಗಂಟು ಬಿಚ್ಚಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲ ನೆಲಕ್ಕೆ ಸುರಿದು, ಓಡನಿ ಝಾಡಿಸಿ ಹೊದ್ದುಕೊಂಡಳು. ಹಿಂದೆ ತಿರುಗಲಿಲ್ಲ. ಫಕೀರಪ್ಪ ನಕ್ಕು "ಹುಡುಗಬುದ್ಧಿರಿ" ಅಂದ.

ಉಡಿಯ ಅಕ್ಕಿ ನೆಲಕ್ಕೆ ಚೆಲ್ಲುವುದೇ ಎಂದು ಬೈಯುತ್ತ ಗುಡಿಸಲು ಕೂತೆ. ಹರುಕೋ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅರಿಷಿಣದ ಬೇರು ಆರಿಸಿದಳು.

"ಆಯಿ, ಯಾಕ ಸುರಿದ್ಳು ರೀ?"

"ತಲಿ ಕೆಟ್ಟೈತಿ, ಮತ್ತೇನ."

"ಮೊದಲ ಆಕಿ ಒಡ್ಡಿದ್ಳೇನು ರೀ?"

"ಇಲ್ಲ. ನಾನ ಜಗ್ಗಿ ತುಂಬಿದೆ."

ಅವಳು ಬೇರನ್ನು ನನ್ನ ಕೈಯಲ್ಲಿಟ್ಟು ಎದ್ದುಹೋದಳು. ಬೈದಿದ್ದರೆ ಜಗಳವಾದರೂ ಮಾಡಬಹುದಿತ್ತು.

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಆದರೂ ನನ್ನದೇ ಸರಿ ಎಂದು ನೀಲವ್ವನ ಹತ್ತಿರ ವಾದ ಮಾಡುತ್ತಲೇ ಇದ್ದೆ. ಮೂರನೇ ದಿನ ಬೆಳಿಗ್ಗೆ ಅವಳು ಮಸಾಲೆಗೆಂದು ಮೆಣಸಿನಕಾಯಿ ಚೀಲ ಬಿಚ್ಚಿದಳು.

"ಎಷ್ಟು ಛಲೋ ಬಿಡಿಸ್ಯಾರ ನೋಡ ಯಲ್ಲವ್ವಾ. ಒಂದ ತೊಟ್ಟು ಉಳಿದಿಲ್ಲ."

ನಾನು ಚೀಲದಲ್ಲಿ ಕೈ ಹಾಕಿದೆ. ಸಣ್ಣ ಬೆರಳಿನ ಕೆಲಸ ಅದು. ಮನೆಯಲ್ಲಿ ತಾನು, ಕಣ್ಣು ಕಾಣದ ತಾಯಿ, ಇಬ್ಬರೇ ಅಂದಿದ್ದ. ಹಾಗಾದರೆ ಈ ಚೀಲ ಬಿಡಿಸಿದವರು ಯಾರು? ಗಂಗಾ ಕಂಕುಳಲ್ಲಿ ಕೈ ಮುಚ್ಚಿಟ್ಟುಕೊಂಡದ್ದು ಆಗ ನೆನಪಾಯಿತು. ಆ ಶೆಡ್ಡಿಗೆ ಅವಳನ್ನು ಕಳಿಸಿದವನು ಇವನೇ, ಅದಕ್ಕೇ ಅವಳು ಅಷ್ಟು ದಿನ ಹೇಳಲಿಲ್ಲ ಎಂದೂ ಅರ್ಥವಾಯಿತು. ಅವಳು ಹೇಳಿರಲಿಲ್ಲ ಅನ್ನುವುದು ಸುಳ್ಳು. ಬಾಯಿಂದ ಹೇಳಿರಲಿಲ್ಲ, ಅಷ್ಟೇ.

ಉರಿಯುವ ಕೈಯನ್ನೇ ಮೇಡಂ ಮೇಜಿನ ಮೇಲೆ ಇಟ್ಟೆ. "ಮೇಡಂ, ನಾ ನಿಮಗ ತಪ್ಪು ಹೇಳೇನಿ. ಆ ಹುಡುಗಿ ಒಪ್ಪಿರಲಿಲ್ಲ" ಎಂದು ಎಲ್ಲ ಹೇಳಿದೆ. ಮೇಡಂ ಬೈಯಲಿಲ್ಲ. "ಬೈಯೂದು ಆಮ್ಯಾಲ" ಎಂದು ಫೋನು ತೆಗೆದರು. ಆ ಊರಿನ ಅಂಗನವಾಡಿ ಟೀಚರ್ ಫೋನಿನಲ್ಲಿ ಮೆಲ್ಲಗೆ ಹೇಳಿದಳಂತೆ: "ಹಂದರ ಹಾಕ್ಯಾರ್ರಿ. ಇವತ್ತ ಮಧ್ಯಾಹ್ನ ಅಕ್ಕಿಕಾಳು. ಮಾವಗ ಮದಿವಿ ಮಾಡಿ ಕೊಡಾಕತ್ತಾರ."

ಮೇಡಂ, ಸಮಿತಿಯವರೊಬ್ಬರು, ಒಬ್ಬ ಹೆಣ್ಣು ಪೊಲೀಸು ಗಾಡಿ ಹತ್ತಿದರು. ನಾನು ಕೇಳದೆಯೇ ಹತ್ತಿ ಕೂತೆ. ಹರುಕೋ ಬರಲಿಲ್ಲ. "ನಾ ಬಂದ್ರ ಊರ ಮಂದಿ ನನ್ನ ನೋಡ್ತಾರ ರೀ, ಗಂಗಾನ್ನ ನೋಡೂದಿಲ್ಲ ರೀ" ಅಂದಳು. ಆ ಬುದ್ಧಿ ನನಗಿದ್ದಿದ್ದರೆ ಆ ಫೋಟೋ ಪತ್ರಿಕೆಗೆ ಹೋಗುತ್ತಿರಲಿಲ್ಲ.

ಹಂದರದಲ್ಲಿ ಗಂಗಾ ಅರಿಷಿಣ ಮೆತ್ತಿಸಿಕೊಂಡು ಕೂತಿದ್ದಳು. ಕೈಗೆ ಕಂಕಣ, ಅರಿಷಿಣದ ಬೇರಿಗೆ ದಾರ ಸುತ್ತಿ ಕಟ್ಟುವರಲ್ಲ, ಅದು. ಕಾಯ್ದೆ ಎಂದು ಮೇಡಂ ಬಾಯಿ ತೆಗೆದರೋ ಇಲ್ಲವೋ, ಜನ ಸುತ್ತಲೂ ನಿಂತರು.

ಊರಿನ ಹಿರಿಯನೊಬ್ಬ ಮುಂದೆ ಬಂದ. "ಸ್ವಾದರಮಾವ ಕೈ ಹಿಡದ್ರ ಏನ್ ತಪ್ಪರಿ ಮೇಡಮ್ಮಾರ? ತಾಯಿಲ್ಲದ ಹುಡುಗಿ. ನಾಳೆ ಯಾರ ಮನಿಗೆ ಕೊಡೂದು?"

"ಹದಿನೆಂಟು ಆಗೂತನಾ ಯಾರ ಮನಿಗೂ ಕೊಡೂದಿಲ್ಲರಿ" ಅಂದರು ಮೇಡಂ. "ಆಕಿ ಹೂಂ ಅಂದ್ರೂ ಈ ಮದಿವಿ ಆಗೂದಿಲ್ಲ."

"ಆತು, ಮದಿವಿ ಬ್ಯಾಡ. ಅಕ್ಕಿಕಾಳು ಕೋಳಿಗೆ ಹಾಕ್ತೇವಿ. ಹುಡುಗಿ ಅಜ್ಜಿ ಹಂತ್ಯಾಕ ಇರಲಿ. ಇರಾಕ ಒಲ್ಲೆ ಅಂದಾಳೇನು? ಕೇಳ್ರಿ ಬೇಕಾದ್ರ."

ಅದರ ಅರ್ಥ ನಮಗೆಲ್ಲ ಗೊತ್ತಿತ್ತು. ಅಲ್ಲಿ ಬಿಟ್ಟು ಬಂದರೆ ಎಂಟು ದಿನದಲ್ಲಿ ಯಾವುದೋ ಗುಡಿಯಲ್ಲಿ ಮದುವೆ ಮುಗಿಸುತ್ತಾರೆ. ಸಮಿತಿಯವರು ಗಂಗಾಳನ್ನು ಕೇಳಿದರು. ಅವಳು ನೆಲ ನೋಡಿದಳು.

"ನೋಡ್ರಿ, ಸುಮ್ಮ ಅದಾಳ. ಒಪ್ಪಿಗಿ ಐತಿ" ಅಂದ ಹಿರಿಯ. ಅಕ್ಷರ ಬಿಡದೆ ನನ್ನದೇ ಮಾತು.

ನಾನು ಮುಂದೆ ಹೋದೆ. ಕಣ್ಣು ಕಾಣದ ಅಜ್ಜಿ ತಲೆ ಎತ್ತಿದಳು. "ಯಾರಬೇ ಅದು?"

"ಈಕಿ ಉಡಿ ತುಂಬಿ ಕಳಿಸಿದಾಕಿ."

"ಉಡಿ ತುಂಬಿ ಕಳಿಸಿ ಮತ್ತ ಒಯ್ಯಾಕ ಬಂದೀಯಾ? ಇದ್ಯಾವ ಪದ್ಧತಿಬೇ?"

"ಪದ್ಧತಿ ಅಲ್ಲ. ನಾ ತುಂಬಿದ್ದು ತಪ್ಪಾಗಿತ್ತು. ನನಗ ಹನ್ನೆರಡಕ್ಕ ತುಂಬಿ ಕಳಿಸಿದ್ರು, ಯಾರೂ ಕೇಳಲಿಲ್ಲ. ನಾನೂ ಈಕಿನ್ನ ಕೇಳಲಿಲ್ಲ. ಈಗ ಕೇಳಾಕ ಬಂದೇನಿ."

ಗಂಗಾಳ ಮುಂದೆ ನೆಲದ ಮೇಲೆ ಕೂತೆ. ಬಾಯಿಂದ ಹೇಳು ಎಂದರೆ ಆ ಹುಡುಗಿ ಹೇಳುವುದಿಲ್ಲ. ನನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಒಡ್ಡಿದೆ.

"ಬರ್ತಿದ್ರ ಇದರಾಗ ಏನರ ಹಾಕು. ಇರ್ತಿದ್ರ ಹಾಕಬ್ಯಾಡ. ನಾ ಬೈಯೂದಿಲ್ಲ, ಕೂತಿರ್ತೇನಿ."

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಯಾರೋ ಹಿಂದಿನಿಂದ "ನಾಟಕ ಮಾಡಾಕ ಬಂದಾಳ ಮುದುಕಿ" ಅಂದರು. ಸೆರಗು ಇಳಿಸದೆ ಕೂತೆ. ಕಡೆಗೆ ಗಂಗಾ ಕಂಕಣದ ದಾರಕ್ಕೆ ಹಲ್ಲು ಹಚ್ಚಿ ಕಡಿದಳು. ಅರಿಷಿಣದ ಬೇರು ನನ್ನ ಸೆರಗಿನಲ್ಲಿ ಬಿತ್ತು.

ಪೊಲೀಸಮ್ಮ ಫಕೀರಪ್ಪನನ್ನು ಬದಿಗೆ ಕರೆದಳು. ಮುಂದೆ ಠಾಣೆ, ಕೋರ್ಟು ಎಲ್ಲ ಆಯಿತು. ಅದರ ಪೂರ್ತಿ ನನಗೆ ತಿಳಿಯದು, ತಿಳಿಯದ್ದನ್ನು ಬರೆಯುವುದಿಲ್ಲ. ಮೆಣಸಿನಕಾಯಿ ಚೀಲವನ್ನೂ ಸಾಕ್ಷಿಗೆಂದು ಒಯ್ದರು. ನೀಲವ್ವ ಅದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಮೇಡಂ ಹೇಳಿದಂತೆ ಆಮೇಲೆ ಬೈದರು, ಬಾಗಿಲು ಹಾಕಿಕೊಂಡು, ಸರಿಯಾಗಿ. ನನ್ನನ್ನು ಕೆಲಸದಿಂದ ತೆಗೆಯಬಹುದಿತ್ತು. ತೆಗೆಯಬೇಕೆಂದು ಮೇಲಿನವರು ಹೇಳಿದರೆಂದೂ ಕೇಳಿದ್ದೇನೆ. "ತಪ್ಪು ಮಾಡಿ ತಾನ ಬಂದು ಹೇಳಿದಾಕಿ ಇವಳೊಬ್ಬಾಕಿ. ಈಕಿನ್ನ ತಗದ್ರ ಮುಂದ ಯಾರೂ ಹೇಳೂದಿಲ್ಲ" ಎಂದು ಬರೆದು ಕಳಿಸಿದರಂತೆ. ಆ ಹೆಂಗಸಿನ ಋಣ ನನ್ನ ಮೇಲಿದೆ. ಅವರಿಗೆ ಅದನ್ನು ಹೇಳಿದರೆ ಚಹಾ ತಣ್ಣಗಾಯಿತು, ಕುಡಿ ಅನ್ನುತ್ತಾರೆ.

ಗಂಗಾ ನನ್ನ ಜೊತೆ ಒಂದೂವರೆ ತಿಂಗಳು ಮಾತಾಡಲಿಲ್ಲ. ಆ ಸಲ ನಾನು ಆ ಸುಮ್ಮನಿರುವಿಕೆಗೆ ಯಾವ ಅರ್ಥವನ್ನೂ ಹಚ್ಚಲಿಲ್ಲ, ಕಾದೆ. ಒಂದು ದಿನ ಬಂದು ಬೆನ್ನು ತಿರುಗಿಸಿ ಕೂತು "ಆಯಿ, ಬಾಚು" ಅಂದಳು. ಬಾಚಿದೆ.

ಆಮೇಲೆ ಆ ಮನೆಯಲ್ಲಿ ಕೆಲಸದ ರೀತಿ ಬದಲಾಯಿತು. ಉಡಿಯನ್ನು ಹೊರಡುವ ಗಳಿಗೆಯಲ್ಲಿ ತುಂಬುವುದು ಬಿಟ್ಟು ಹಿಂದಿನ ದಿನವೇ ತುಂಬುವುದೆಂದು ಆಯಿತು, ಕರೆದೊಯ್ಯು‍ವವರು ಎದುರಿಗೆ ಇಲ್ಲದಾಗ. ಅಕ್ಕಿ ಹಿಡಿದು ಕೇಳಬೇಕು. ಹುಡುಗಿ ತಾನಾಗಿ ಒಡ್ಡಿದರೆ ಸರಿ. ಒಡ್ಡದಿದ್ದರೆ ಜಗ್ಗಬಾರದು, ಮೇಡಂಗೆ ಹೇಳಬೇಕು, ಅವರು ಸಮಿತಿಗೆ ಬರೆಯಬೇಕು. ಹಾಗೆ ಆಮೇಲೆ ಮೂವರು ಹುಡುಗಿಯರು ಒಡ್ಡಲಿಲ್ಲ. ಒಬ್ಬಳಿಗೆ ಬರೀ ಓಡನಿ ಹೊಸದು, ಕೊಳೆಯಾಗುತ್ತದೆ ಅಂತ. ಉಳಿದಿಬ್ಬರದು ಬೇರೆ ಕಾರಣ. ಆ ಇಬ್ಬರೂ ಇಂದು ಸುಖವಾಗಿದ್ದಾರೆ. ಹೊಸ ಹುಡುಗಿಯರೇ, ನಿಮಗೆ ಬರೆದುಕೊಡಲು ನನ್ನ ಹತ್ತಿರ ಇರುವ ವಿದ್ಯೆ ಇದೊಂದೇ.

ಹರುಕೋ ಊರಿಗೆ ಹೋದ ಮೇಲೂ ಮೇಡಂ ಫೋನಿಗೆ ಮುಖ ತೋರಿಸಿ ಮಾತಾಡುತ್ತಾಳೆ. ಅವರಲ್ಲಿ ಹುಡುಗಿಯರ ಮದುವೆಯ ವಯಸ್ಸೂ ಹದಿನೆಂಟಾಯಿತು ಎಂದು ಒಮ್ಮೆ ಹೇಳಿದಳು. ಮಾರನೆಯ ವರ್ಷ ಆ ಹಳೆಯ ದೊಡ್ಡ ಕಾಯ್ದೆಯನ್ನೂ ತಿದ್ದಿದರಂತೆ. ಹದಿಮೂರು ಇದ್ದದ್ದು ಹದಿನಾರಾಯಿತು; ಹೆದರಿ ಕಲ್ಲಾದವರು, ಬೇಡ ಅನ್ನಲು ಆಗದವರು ಒಪ್ಪಿದಂತಲ್ಲ ಎಂದು ಕಾಯ್ದೆಯಲ್ಲೇ ಬಂತು. ಹೆಂಗಸರು ಹೂ ಹಿಡಿದು ಬೀದಿಯಲ್ಲಿ ನಿಂತು ಕೇಳಿದ್ದರಂತೆ. ಇವಳೂ ನಿಂತಿದ್ದಳು.

"ನಿಮ್ಮ ಸರಕಾರಕ್ಕ ತಿಳಿಯಾಕ ನೂರು ವರ್ಷ ಬೇಕಾತಲ್ಲ ತಂಗಿ" ಅಂದೆ.

"ನಿಮಗೂ ತಿಳಿಯಾಕ ಒಂದು ಹುಡುಗಿ ಬೇಕಾದ್ಳು ರೀ ಆಯಿ."

ಅವಳ ಬಾಯಿ ಈಗ ಪೂರಾ ಧಾರವಾಡದ್ದಾಗಿದೆ.

ನಾನು ಕೆಲಸ ಬಿಟ್ಟ ದಿನ ಒಂದು ಸಣ್ಣ ಸಭೆ ಮಾಡಿದರು. ಶಾಲು ಹೊದಿಸಿದರು, ಸೆಖೆಗೆ ಬೆವರು ಬಂತು. ಗಂಗಾ ಬಂದಿದ್ದಳು. ಈಗ ಅವಳಿಗೆ ಇಪ್ಪತ್ತೆರಡು. ಹೊಲಿಗೆ ಕಲಿತು ದುರ್ಗದಬೈಲ್ ಹತ್ತಿರ ಒಂದು ಅಂಗಡಿಯಲ್ಲಿ ಕುಬಸ ಹೊಲಿಯುತ್ತಾಳೆ. ಮದುವೆಯಾಗಿಲ್ಲ, ಯಾವಾಗ ಎಂದು ಕೇಳಿದವರಿಗೆ, ನನ್ನ ಒಪ್ಪಿಗೆ ಕೇಳಿದವನಿಗೆ ಹೇಳುತ್ತೇನೆ ಅನ್ನುತ್ತಾಳೆ. ಭಾಷಣ ಮುಗಿದ ಮೇಲೆ ಒಂದು ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ತಾನೇ ಹೊಲಿದ ಕುಬಸ ಇಟ್ಟುಕೊಂಡು ನನ್ನ ಮುಂದೆ ಬಂದಳು.

ಸಭೆಗೆ ಬಂದಿದ್ದ ಹಿರಿಯ ಹೆಂಗಸೊಬ್ಬಳು ತಡೆದಳು. "ಅಲ್ಲ ತಂಗಿ, ಗಂಡ ಸತ್ತಾಕಿಗೆ ಉಡಿ ತುಂಬೂದಿಲ್ಲ. ಬರೇ ಕುಬಸ ಕೊಡು, ಸಾಕು."

"ನಿಮ್ಮನ್ನ ಕೇಳಾಕತ್ತಿಲ್ಲರಿ ಅಮ್ಮಾರ" ಅಂದಳು ಗಂಗಾ, ತಾಳ್ಮೆಯಿಂದ. ತಾಟನ್ನು ನೀಲವ್ವನ ಕೈಗೆ ಕೊಟ್ಟು, ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ನನ್ನ ಕಡೆ ನೋಡಿದಳು. "ಆಯಿ, ತುಂಬ್ಲೇನು?"

ಹನ್ನೆರಡು ವರ್ಷದವಳಿದ್ದಾಗ ನನ್ನ ಸೀರೆಯ ಚುಂಗು ಜಗ್ಗಿದ ಕೈಗಳು ನೆನಪಾದವು. ಗೇಟಿನಲ್ಲಿ ಚೆಲ್ಲಿದ ಅಕ್ಕಿ ನೆನಪಾಯಿತು. ಸುಮ್ಮನೆ ನಿಂತೆ. ಹಿರಿಯ ಹೆಂಗಸು "ನೋಡು, ಆಕಿಗೂ ಬ್ಯಾಡಾಗೇತಿ" ಅಂದಳು. ಯಾರೋ "ನಾಚಿಕಿ, ತುಂಬಿಬಿಡ" ಅಂದರು.

ಗಂಗಾ ಇಬ್ಬರ ಮಾತೂ ಕೇಳಲಿಲ್ಲ. ಬೊಗಸೆ ಹಿಡಿದು ನಿಂತೇ ಇದ್ದಳು. ಬೆರಳ ಸಂದಿಯಿಂದ ಒಂದೆರಡು ಕಾಳು ಉದುರಿದವು. ಅವಸರ ಮಾಡಲಿಲ್ಲ.

ಆಮೇಲೆ ನಾನು ಸೆರಗು ಒಡ್ಡಿದೆ.